ಕಿವಿಗೊಟ್ಟು ನೋಡಿದ ಕೆಲವು ಸಿನಿಮಾ, ಕೆಲವು ಧಾರಾವಾಹಿ

ಉತ್ತರ ಕನ್ನಡ ಜಿಲ್ಲೆಯನ್ನು ಕನ್ನಡ ಸಿನಿಮಾದವರು ಬೇಕಾದಷ್ಟು ನೋಡಿದ್ದಾರೆ, ಕೇಳಿಸಿಕೊಂಡದ್ದು ಮಾತ್ರ ಕಡಿಮೆ. ಗೋಕರ್ಣದ ಓಂ ಬೀಚ್, ಮುರ್ಡೇಶ್ವರದ ಶಿವನ ಮೂರ್ತಿ, ಯಾಣದ ಕಪ್ಪು ಶಿಖರಗಳು ಹಾಡಿನ ಚಿತ್ರೀಕರಣಕ್ಕೆ ಒದಗಿ ಬಂದಷ್ಟು ಸುಲಭವಾಗಿ ಇಲ್ಲಿನ ಹವ್ಯಕ ಕನ್ನಡವಾಗಲಿ, ಹಾಲಕ್ಕಿ ಒಕ್ಕಲಿಗರ ಮಾತಾಗಲಿ, ಕಾರವಾರದವರ ಕೊಂಕಣಿ ಬೆರೆತ ಕನ್ನಡವಾಗಲಿ ತೆರೆಯ ಮೇಲೆ ಬಂದಿಲ್ಲ. ಸುನಿಲ್ ಕುಮಾರ್ ದೇಸಾಯಿಯವರ ‘ನಮ್ಮೂರ ಮಂದಾರ ಹೂವೇ’ (1996) ಯಾಣವನ್ನು ಇಡೀ ರಾಜ್ಯಕ್ಕೆ ಪರಿಚಯಿಸಿತು. ಇಂದಿಗೂ ಶಿರಸಿಗೆ ಬರುವ ನೆಂಟರು ಯಾಣಕ್ಕೆ ಹೋಗಬೇಕೆಂದು ಹೇಳುವಾಗ ಆ ಚಿತ್ರದ ಹೆಸರನ್ನು ಎತ್ತುತ್ತಾರೆ. ಆದರೆ ಅದನ್ನು ಮತ್ತೊಮ್ಮೆ ನೋಡಿದಾಗ ಮನಸ್ಸಿನಲ್ಲಿ ಉಳಿದದ್ದು ಇಳಯರಾಜಾ ಅವರ ರಾಗಗಳೇ ಹೊರತು ಊರವರ ಮಾತಲ್ಲ. ‘ಸಲಗ’ (2021) ಚಿತ್ರದ ಒಂದು ಹಾಡಿನಲ್ಲಿ ನಮ್ಮ ಜಿಲ್ಲೆಯ ಸಿದ್ದಿ ಸಮುದಾಯದ ಕಲಾವಿದರ ದನಿ ಕೇಳಿ ನಾವೆಲ್ಲ ಸಂತೋಷಪಟ್ಟೆವು, ಆದರೆ ಆ ದನಿಯೂ ಹಾಡು ಮುಗಿಯುವಷ್ಟರಲ್ಲಿ ಮುಗಿದುಹೋಯಿತು. ಈ ಕಾರಣಕ್ಕೋ ಏನೋ, ಸಿನಿಮಾ ಇರಲಿ, ಧಾರಾವಾಹಿ ಇರಲಿ, ಅದರ ಪಾತ್ರಗಳು ತಾವು ಹುಟ್ಟಿದ ಊರಿನ ಮಾತನ್ನು ಆಡುತ್ತಿವೆಯೇ ಎಂದು ಕಿವಿಗೊಡುವುದು ನನಗೆ ಅಭ್ಯಾಸವಾಗಿಬಿಟ್ಟಿದೆ. ಇತ್ತೀಚೆಗೆ ನೋಡಿದವುಗಳ ಬಗ್ಗೆಯೂ, ಹಳೆಯವುಗಳನ್ನು ಮತ್ತೆ ನೋಡಿದ್ದರ ಬಗ್ಗೆಯೂ ಇಲ್ಲಿ ಬರೆದಿರುವ ಅಭಿಪ್ರಾಯಗಳಿಗೆ ಅದೇ ಅಳತೆಗೋಲು.

2022ರ ಸೆಪ್ಟೆಂಬರ್ ಕೊನೆಯಲ್ಲಿ ಬಂದ ರಿಷಬ್ ಶೆಟ್ಟಿಯವರ ‘ಕಾಂತಾರ’ದ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಜನರು ಈಗಾಗಲೇ ಹೇಳಿಯಾಗಿದೆ. ಕೊನೆಯ ಗುಳಿಗ ದೈವದ ದೃಶ್ಯಕ್ಕೆ ಚಿತ್ರಮಂದಿರವೇ ಉಸಿರು ಬಿಗಿಹಿಡಿದು ಕುಳಿತದ್ದು ನಿಜ, ಆ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದೂ ನ್ಯಾಯವೇ. ಆದರೂ ನನಗೆ ಹೆಚ್ಚು ಇಷ್ಟವಾದ ಪಾತ್ರ ನಾಯಕ ಶಿವನ ತಾಯಿ ಕಮಲಾ. ಮಾನಸಿ ಸುಧೀರ್ ಅವರು ಮಗನನ್ನು ಬೈಯುವಾಗ ಆ ಬೈಗುಳದಲ್ಲಿ ಸಿಟ್ಟು, ಹೆದರಿಕೆ, ಮಮತೆ ಮೂರೂ ಒಂದೇ ಉಸಿರಿನಲ್ಲಿ ಬರುತ್ತವೆ, ಅದನ್ನು ಬೆಂಗಳೂರಿನ ಕನ್ನಡದಲ್ಲಿ ಬರೆದಿದ್ದರೆ ಅರ್ಧ ಶಕ್ತಿಯೂ ಉಳಿಯುತ್ತಿರಲಿಲ್ಲ. ಇದಕ್ಕೆ ಹೋಲಿಸಿದರೆ ನಾಯಕಿ ಲೀಲಾಳ ಪಾತ್ರ ತೀರಾ ಸೊರಗಿದೆ. ಅವಳಿಗೆ ಒಂದು ಸರ್ಕಾರಿ ಕೆಲಸವನ್ನು ಕೊಟ್ಟ ಬರಹಗಾರರು ಮನಸ್ಸನ್ನು ಕೊಡುವುದಕ್ಕೆ ಮರೆತಂತಿದೆ, ಮೊದಲರ್ಧದಲ್ಲಿ ನಾಯಕ ಅವಳೊಂದಿಗೆ ನಡೆದುಕೊಳ್ಳುವ ರೀತಿಯನ್ನು ಚೇಷ್ಟೆಯೆಂದು ನಗುವುದು ನಮ್ಮ ಮನೆಯ ಹೆಂಗಸರಿಗಂತೂ ಸಾಧ್ಯವಾಗಲಿಲ್ಲ. ಇನ್ನೊಂದು ಮಾತು. ಭೂತಕೋಲ ಶಿರಸಿ ಸೀಮೆಯದಲ್ಲ. ನಮ್ಮಲ್ಲಿ ಚೌಡಿ, ಜಟಕ, ಭೂತಪ್ಪನ ಬನಗಳಿವೆ, ಹರಕೆಯ ಕಾಯಿ ಒಡೆಯುತ್ತೇವೆ, ಆದರೆ ದೈವ ಎದುರು ನಿಂತು ನುಡಿ ಕೊಡುವುದನ್ನು ನಾವು ನೋಡಿದ್ದು ದಕ್ಷಿಣಕ್ಕೆ ಹೋದಾಗಲೇ. ಹಾಗಿದ್ದೂ ಇಲ್ಲಿಯ ಹಳ್ಳಿಗಳಲ್ಲಿ ಆ ಚಿತ್ರವನ್ನು ಜನ ತಮ್ಮದೇ ಎಂಬಂತೆ ನೋಡಿದರು, ಏಕೆಂದರೆ ಅರಣ್ಯದ ಗಡಿಕಲ್ಲು, ಸೊಪ್ಪಿನ ಬೆಟ್ಟ, ಅತಿಕ್ರಮಣದ ನೋಟೀಸು ಇವು ಇಲ್ಲಿಯ ಪ್ರತಿ ಮನೆಯ ಜಗುಲಿಯ ಮಾತುಕತೆ.

2025ರ ಅಕ್ಟೋಬರ್ 2ರಂದು ಬಿಡುಗಡೆಯಾದ ‘ಕಾಂತಾರ: ಚಾಪ್ಟರ್ 1’ ಅಷ್ಟು ಹತ್ತಿರವಾಗಲಿಲ್ಲ. ಕದಂಬರ ಕಾಲದ ಹಿನ್ನೆಲೆಯ ಕಥೆ ಎಂದಾಗ ನಮಗೆ ಸಹಜವಾಗಿಯೇ ಕುತೂಹಲವಿತ್ತು. ಕದಂಬರ ರಾಜಧಾನಿ ಬನವಾಸಿ ನಮ್ಮ ತಾಲ್ಲೂಕಿನಲ್ಲೇ ಇದೆ, ವರದೆಯ ದಂಡೆಯ ಮಧುಕೇಶ್ವರ ದೇವಸ್ಥಾನಕ್ಕೆ ನಾವು ಶಾಲೆಯ ಪ್ರವಾಸಕ್ಕೆ ಹೋದವರು. ಕಾಡು, ಕೋಟೆ, ಯುದ್ಧ ಎಲ್ಲವೂ ದೊಡ್ಡದಾಗಿವೆ, ಖರ್ಚು ಮಾಡಿದ ಹಣ ಕಣ್ಣಿಗೆ ಕಾಣುತ್ತದೆ, ಕನಕವತಿಯಾಗಿ ರುಕ್ಮಿಣಿ ವಸಂತ್ ಅವರಿಗೆ ಲೀಲಾಳಿಗೆ ಸಿಗದಿದ್ದ ಅವಕಾಶವೂ ಸಿಕ್ಕಿದೆ. ಕಿವಿಗೆ ಮಾತ್ರ ಅದು ಯಾವ ಕಾಲದ, ಯಾವ ಊರಿನ ಕನ್ನಡವೆಂದು ಗೊತ್ತಾಗಲಿಲ್ಲ. ಕಾಡಿನವರು ಒಂದು ಬಗೆಯಲ್ಲಿ, ಅರಮನೆಯವರು ಪುಸ್ತಕದ ಬಗೆಯಲ್ಲಿ ಮಾತನಾಡುತ್ತಾರೆ, ಗದ್ದಲದ ನಡುವೆ ಎರಡೂ ಮುಳುಗಿಹೋಗುತ್ತವೆ.

ಅದೇ ವರ್ಷ ಜುಲೈ 25ರಂದು ಬಂದ ‘ಸು ಫ್ರಮ್ ಸೋ’ ನನ್ನ ಮಟ್ಟಿಗೆ ಇತ್ತೀಚಿನ ವರ್ಷಗಳ ಅತ್ಯುತ್ತಮ ಕನ್ನಡ ಹಾಸ್ಯಚಿತ್ರ. ಜೆ.ಪಿ. ತುಮಿನಾಡ್ ಅವರು ತಾವೇ ಬರೆದು, ನಿರ್ದೇಶಿಸಿ, ಅಶೋಕನ ಪಾತ್ರವನ್ನೂ ಮಾಡಿದ್ದಾರೆ. ಮಾಡಬಾರದ ಒಂದು ಕೆಲಸ ಮಾಡಿ ಸಿಕ್ಕಿಬೀಳುವ ಹೊತ್ತಿಗೆ ಮೈಮೇಲೆ ಏನೋ ಬಂದಂತೆ ನಟಿಸುವ ಹುಡುಗ, ಅದನ್ನು ಸೋಮೇಶ್ವರದ ಸುಲೋಚನಾ ಎಂಬ ಹೆಂಗಸಿನ ಪ್ರೇತವೆಂದು ನಂಬಿಬಿಡುವ ಊರು, ಊರಿನ ಪ್ರತಿಯೊಂದು ತಾಪತ್ರಯವನ್ನೂ ತನ್ನ ತಲೆಯ ಮೇಲೆ ಹೊತ್ತುಕೊಳ್ಳುವ ಅವಿವಾಹಿತ ರವಿಯಣ್ಣ: ಇಷ್ಟೇ ಸಾಮಗ್ರಿ. ಚಿತ್ರದ ಹಾಸ್ಯ ಹುಟ್ಟುವುದು ಯಾರೋ ಒಬ್ಬರು ಹೇಳುವ ಜೋಕಿನಿಂದಲ್ಲ. ಹತ್ತು ಜನ ಅಂಗಳದಲ್ಲಿ ನಿಂತು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತು ಹೇರುತ್ತ ಹೋಗುವಾಗ, ಯಾರಿಗೂ ನಿಜವಾಗಿ ಗೊತ್ತಿಲ್ಲದ ಸಂಗತಿ ಎಲ್ಲರಿಗೂ ಗೊತ್ತಿರುವ ಸಂಗತಿಯಾಗಿಬಿಡುತ್ತದಲ್ಲ, ಆ ಕ್ಷಣದಿಂದ. ಹಳ್ಳಿಯ ಮದುವೆ ಮನೆಯಲ್ಲೋ ಸಾವಿನ ಮನೆಯಲ್ಲೋ ಒಂದು ರಾತ್ರಿ ಕಳೆದವರಿಗೆ ಈ ಗದ್ದಲದ ಲಯ ಚೆನ್ನಾಗಿ ಗೊತ್ತು. ಅದನ್ನು ಬರೆದು ಅಭ್ಯಾಸ ಮಾಡಿಸುವುದು ಎಷ್ಟು ಕಷ್ಟವೆಂಬುದು ಶಾಲೆಯ ವಾರ್ಷಿಕೋತ್ಸವಕ್ಕೆ ನಾಟಕ ಆಡಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ: ಎಲ್ಲರೂ ತಮ್ಮ ಸರದಿಗಾಗಿ ಕಾದು, ಒಬ್ಬೊಬ್ಬರಾಗಿ ಮುಂದೆ ಬಂದು ಮಾತು ಒಪ್ಪಿಸಿ ಹಿಂದೆ ಹೋಗುತ್ತಾರೆ. ಇಲ್ಲಿ ಒಬ್ಬರೂ ಹಾಗೆ ಮಾಡುವುದಿಲ್ಲ.

ಈ ಚಿತ್ರದ ‘ಭಾವ’ನ ಪಾತ್ರವನ್ನು ವಿಶೇಷವಾಗಿ ಹೇಳಬೇಕು. ಕರೆದರೂ ಬರುವ, ಕರೆಯದಿದ್ದರೂ ಬರುವ, ಕುಡಿಯುವುದಕ್ಕೆ ಒಂದು ಸಂದರ್ಭ ಸಿಕ್ಕರೆ ಸಾಕು ಎನ್ನುವ ಇಂಥ ಭಾವನೊಬ್ಬ ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಸಿದ್ದಾಪುರದವರೆಗೆ ಪ್ರತಿ ಕುಟುಂಬದಲ್ಲೂ ಇದ್ದಾನೆ. ಚಿತ್ರ ಅವನನ್ನು ತಿದ್ದುವುದಕ್ಕೆ ಹೋಗುವುದಿಲ್ಲ, ಅದೇ ಅದರ ದೊಡ್ಡತನ. ಕರುಣಾಕರ ಗುರೂಜಿಯಾಗಿ ರಾಜ್ ಬಿ. ಶೆಟ್ಟಿ ಬಂದಾಗ ಚಿತ್ರಕ್ಕೆ ಇನ್ನೊಂದು ಗೇರು ಬೀಳುತ್ತದೆ. ದ್ವಿತೀಯಾರ್ಧದಲ್ಲಿ ಸುಲೋಚನಾಳ ಮಗಳು ಭಾನುವಿನ ಸಂಕಟ ಮುಂದೆ ಬಂದ ಮೇಲೆ ನಗು ಸ್ವಲ್ಪ ಹಿಂದೆ ಸರಿದು ಉಪದೇಶ ಇಣುಕುತ್ತದೆ, ಆ ಭಾಗಕ್ಕೆ ಇನ್ನೂ ಸ್ವಲ್ಪ ಸಮಯ ಕೊಟ್ಟಿದ್ದರೆ ಅದು ಹೇಳಿದಂತೆ ಅನ್ನಿಸದೆ ನಡೆದಂತೆ ಅನ್ನಿಸುತ್ತಿತ್ತು. ಆದರೂ ದೊಡ್ಡ ತಾರೆಯರಿಲ್ಲದ, ಊರಿನ ಮಾತನ್ನೇ ನಂಬಿದ ಚಿತ್ರವೊಂದನ್ನು ಕಲಬುರಗಿಯವರೂ ಕೋಲಾರದವರೂ ನೋಡಿ ನಕ್ಕರು ಎಂಬುದನ್ನು, ‘ಉಪಭಾಷೆ ಬಳಸಿದರೆ ಎಲ್ಲರಿಗೂ ಅರ್ಥವಾಗುವುದಿಲ್ಲ’ ಎನ್ನುವ ನಿರ್ಮಾಪಕರು ಗಮನಿಸಬೇಕು.

ಧಾರಾವಾಹಿಗಳ ವಿಷಯಕ್ಕೆ ಬಂದರೆ ಕಿವಿಗೆ ಕೆಲಸವೇ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಯಲ್ಲಿ ಟಿವಿ ಆಯಿಯ, ಎಂದರೆ ಅಮ್ಮನ, ಸುಪರ್ದಿಗೆ ಹೋಗುತ್ತದೆ. ಆಯಿ ನಿಷ್ಠೆಯಿಂದ ನೋಡುತ್ತಾಳೆ, ಅಷ್ಟೇ ನಿಷ್ಠೆಯಿಂದ ಟೀಕಿಸುತ್ತಾಳೆ. ದೊಡ್ಡ ಮನೆ, ಆಳುಕಾಳು, ಮೈತುಂಬ ಒಡವೆ ಹಾಕಿಕೊಂಡು ಅಡುಗೆಮನೆಯಲ್ಲಿ ನಿಂತ ಅತ್ತೆ ಸೊಸೆಯರ ಜಗಳವನ್ನು ನೋಡುತ್ತ ಒಂದು ದಿನ ಅವಳು ಕೇಳಿದ್ದು, “ಇವಕ್ಕೆಲ್ಲ ಹಸಿವೇ ಆಗ್ತಿಲ್ಯನ?” ಎಂದು. ಒಲೆಯ ಮುಂದೆ ಅಷ್ಟು ಹೊತ್ತು ನಿಂತರೂ ಒಬ್ಬರೂ ಒಗ್ಗರಣೆ ಹಾಕುವುದಿಲ್ಲ ಎಂಬ ಅವಳ ತಕರಾರಿಗಿಂತ ಉತ್ತಮ ವಿಮರ್ಶೆಯನ್ನು ನಾನು ಬರೆಯಲಾರೆ.

ಅವುಗಳ ನಡುವೆ ‘ಅಮೃತಧಾರೆ’ ಸ್ವಲ್ಪ ಬೇರೆಯಾಗಿ ನಿಂತಿತ್ತು. 2023ರಲ್ಲಿ ಆರಂಭವಾದ ಈ ಧಾರಾವಾಹಿ ಹಿಂದಿಯ ಒಂದು ಜನಪ್ರಿಯ ಧಾರಾವಾಹಿಯ ಮರುರೂಪವಾದರೂ, ವಯಸ್ಸು ಮೀರಿದ ಮೇಲೆ ಮದುವೆಯಾದ ಗೌತಮ್ ಮತ್ತು ಭೂಮಿಕಾ ಪರಸ್ಪರ ಹತ್ತಿರವಾಗುವ ಭಾಗಗಳಲ್ಲಿ ರಾಜೇಶ್ ನಟರಂಗ ಮತ್ತು ಛಾಯಾ ಸಿಂಗ್ ಅವರ ಅಭಿನಯ ಬಹಳ ಹದವಾಗಿದೆ. ರಾಜೇಶ್ ಅವರು ಮಾತು ಮುಗಿದ ಮೇಲೆ ಒಂದು ಕ್ಷಣ ಸುಮ್ಮನಿರುತ್ತಾರೆ. ಧಾರಾವಾಹಿಯ ಲೋಕದಲ್ಲಿ ಈ ಮೌನ ಅಪರೂಪ, ಏಕೆಂದರೆ ಸಾಮಾನ್ಯವಾಗಿ ಅಲ್ಲಿ ಢಮಾರ್ ಎಂದು ಹಿನ್ನೆಲೆ ಸಂಗೀತ ನುಗ್ಗುತ್ತದೆ. ಆದರೆ ದಿನಾ ಒಂದು ಕಂತು ಹುಟ್ಟಿಸಲೇಬೇಕಾದ ಅನಿವಾರ್ಯತೆಯಿಂದ ಮಲತಾಯಿಯ ಸಂಚು, ಅಪಹರಣ, ಗುಟ್ಟು ಬಯಲಾಗುವ ಹೊತ್ತಿಗೆ ಸರಿಯಾಗಿ ಬರುವ ಅಪಘಾತಗಳೆಲ್ಲ ಸಾಲುಗಟ್ಟಿದಾಗ ಈ ಇಬ್ಬರ ಸೂಕ್ಷ್ಮ ಕೆಲಸಕ್ಕೆ ಜಾಗವೇ ಉಳಿಯುವುದಿಲ್ಲ.

ಲಾಕ್‌ಡೌನ್ ಕಾಲದಲ್ಲಿ, 2020ರಲ್ಲಿ, ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ‘ಮಹಾಭಾರತ’ವನ್ನು ಕನ್ನಡಕ್ಕೆ ಡಬ್ ಮಾಡಿ ಪ್ರಸಾರ ಮಾಡಿದಾಗ ರಾಜ್ಯವೆಲ್ಲ ಮೆಚ್ಚಿಕೊಂಡು ನೋಡಿತು. ಮಕ್ಕಳಿಗೆ ಕನ್ನಡದಲ್ಲೇ ಕೃಷ್ಣ, ಕರ್ಣರು ಸಿಕ್ಕಿದ್ದು ಒಳ್ಳೆಯದೇ ಎಂದು ನಾನೂ ಒಪ್ಪುತ್ತೇನೆ, ಧ್ವನಿ ಕೊಟ್ಟವರ ಉಚ್ಚಾರಣೆಯೂ ಶುದ್ಧವಾಗಿತ್ತು. ಆದರೆ ಪುರಾಣದ ಪಾತ್ರಗಳು ಕನ್ನಡದಲ್ಲಿ ಹೇಗೆ ಮಾತನಾಡಬೇಕೆಂಬ ವಿಷಯದಲ್ಲಿ ಉತ್ತರ ಕನ್ನಡದವರನ್ನು ತೃಪ್ತಿಪಡಿಸುವುದು ಸುಲಭವಲ್ಲ. ಇಡಗುಂಜಿ ಮೇಳದ ಯಕ್ಷಗಾನದ ಆಟ ನೋಡಿ, ಕೆರೆಮನೆ ಶಂಭು ಹೆಗಡೆಯವರ ಅರ್ಥಗಾರಿಕೆ ಕೇಳಿ, ಮಳೆಗಾಲದ ರಾತ್ರಿಗಳನ್ನು ತಾಳಮದ್ದಳೆಯಲ್ಲಿ ಕಳೆದ ಜನ ಇವರು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ, ಬೆಳಕಿನ ಚಮತ್ಕಾರವಿಲ್ಲ. ಭಾಗವತರ ಪದ್ಯ ಮುಗಿದ ಮೇಲೆ ಪಂಚೆ ಉಟ್ಟು ಕುಳಿತ ಇಬ್ಬರು ಬರೀ ಮಾತಿನಿಂದ ಹಸ್ತಿನಾವತಿಯನ್ನು ಕಟ್ಟಬೇಕು. ಕೃಷ್ಣ ಸಂಧಾನದ ಪ್ರಸಂಗದಲ್ಲಿ ಕೌರವನ ಪಾತ್ರಧಾರಿ ಕೃಷ್ಣನ ಪ್ರತಿ ಮಾತಿಗೂ ಪಾಟಿಸವಾಲು ಹಾಕುತ್ತ, ‘ನೀನು ದೂತನೋ, ನೆಂಟನೋ, ದೇವರೋ, ಮೊದಲು ಅದನ್ನು ತೀರ್ಮಾನಿಸಿಕೊಂಡು ಮಾತನಾಡು’ ಎಂಬ ಧಾಟಿಯಲ್ಲಿ ತರ್ಕ ಹೂಡಿದಾಗ, ಕೌರವನ ಪಕ್ಷವೇ ಸರಿಯಿರಬಹುದೇ ಎಂದು ಕೇಳುವವನಿಗೆ ಗಳಿಗೆ ಹೊತ್ತು ಅನ್ನಿಸಬೇಕು. ಡಬ್ ಆದ ಧಾರಾವಾಹಿಯಲ್ಲಿ ಅದೇ ಸನ್ನಿವೇಶ ಬಂದಾಗ ಮಾತು ತುಟಿಯ ಚಲನೆಗೆ ಕಟ್ಟುಬಿದ್ದು ಮೊಟಕಾಗಿತ್ತು, ಪ್ರತಿ ಮಾತಿನ ನಂತರ ಸಭೆಯಲ್ಲಿದ್ದ ಒಬ್ಬೊಬ್ಬರ ಮುಖವನ್ನೂ ಕ್ಯಾಮೆರಾ ನಿಧಾನವಾಗಿ ತೋರಿಸುತ್ತಿತ್ತು. “ಮಾತು ಆತಲ, ಇನ್ನೆಷ್ಟು ಹೊತ್ತು ಮುಖ ನೋಡದು?” ಎಂದು ಆಯಿ ಎದ್ದು ಹೋದಳು.

ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಗಳಿಗೆ ನಮ್ಮ ಕಡೆ ಅಷ್ಟು ಗೌರವ ಸಿಕ್ಕಿದ್ದರ ಗುಟ್ಟೂ ಇದೇ ಇರಬೇಕು ಎಂದು ನನ್ನ ಅಂದಾಜು. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ ಮಧ್ಯಮ ವರ್ಗದ ಮನೆಯ ಸಣ್ಣ ಸಂಕಟಗಳನ್ನು ಗೌರವದಿಂದ ತೋರಿಸಿತು, ಮುಂದೆ ಈಟಿವಿಯಲ್ಲಿ ಬಂದ ‘ಮುಕ್ತ’ದ ನ್ಯಾಯಾಲಯದ ದೃಶ್ಯಗಳಂತೂ ತಾಳಮದ್ದಳೆಯ ಕಟಕಟೆಯ ರೂಪವೇ ಆಗಿದ್ದವು. ಎರಡೂ ಪಕ್ಷಕ್ಕೆ ವಾದವಿತ್ತು. ಎದುರಾಳಿಯ ಮಾತಿನಲ್ಲೂ ಹುರುಳಿರಬಹುದೆಂದು ಒಪ್ಪುವ ಬರವಣಿಗೆ ಇಂದಿನ ಸಂಜೆಯ ಧಾರಾವಾಹಿಗಳಲ್ಲಿ ನನಗೆ ಕಾಣುತ್ತಿಲ್ಲ. ಒಳ್ಳೆಯವರು ಕಣ್ಣೀರು ಹಾಕುತ್ತಾರೆ, ಕೆಟ್ಟವರು ಹುಬ್ಬು ಹಾರಿಸುತ್ತಾರೆ, ಅಲ್ಲಿಗೆ ಮುಗಿಯಿತು.

ರಿಯಾಲಿಟಿ ಷೋಗಳ ಬಗ್ಗೆ ನನಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ. ಬಿಗ್ ಬಾಸ್ ಮನೆಯ ಜಗಳ ಮರುದಿನ ಪೇಟೆಯಲ್ಲಿ ಸಿಕ್ಕವರ ಬಾಯಿಂದಲೇ ತಿಳಿಯುತ್ತದೆ, ಬೇರೆ ನೋಡಬೇಕಾಗಿಲ್ಲ. ಇವುಗಳ ಗಲಾಟೆಯ ನಡುವೆ 2002ರಿಂದ ಚಂದನದಲ್ಲಿ ಬರುತ್ತಿರುವ ‘ಥಟ್ ಅಂತ ಹೇಳಿ’ಯನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಸ್ಪರ್ಧಿಗೆ ಪುಸ್ತಕ ಕೊಟ್ಟು ಕಳಿಸುವ, ತಪ್ಪು ಉತ್ತರ ಕೊಟ್ಟವರನ್ನೂ ಡಾ. ನಾ. ಸೋಮೇಶ್ವರ ಅವರು ಬಹುವಚನದಲ್ಲಿ ಮಾತನಾಡಿಸುವ ಆ ಕಾರ್ಯಕ್ರಮ ಟಿವಿಯಲ್ಲಿ ಉಳಿದಿರುವ ಸಭ್ಯತೆಯ ಒಂದು ಮೂಲೆ.

‘ಪುಟ್ಟಕ್ಕನ ಮಕ್ಕಳು’ ಧಾರಾವಾಹಿಯಲ್ಲಿ ಮೂರು ಹೆಣ್ಣುಮಕ್ಕಳನ್ನು ಸಾಕಲು ಮೆಸ್ ನಡೆಸುವ ತಾಯಿಯಾಗಿ ಉಮಾಶ್ರೀಯವರನ್ನು ನೋಡುವಾಗಲೆಲ್ಲ ನನಗೆ ‘ಗುಲಾಬಿ ಟಾಕೀಸ್’ (2008) ನೆನಪಾಗುತ್ತಿತ್ತು. ಈಚೆಗೆ ಅದನ್ನು ಮತ್ತೆ ನೋಡಿದೆ. ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ಈ ಚಿತ್ರ ಕುಂದಾಪುರ ಕಡೆಯ ಮೀನುಗಾರರ ಊರಿನಲ್ಲಿ, ಕಾರ್ಗಿಲ್ ಯುದ್ಧದ ದಿನಗಳಲ್ಲಿ ನಡೆಯುತ್ತದೆ. ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಸಿನಿಮಾ ನೋಡುವ ಹೊತ್ತಿನಲ್ಲಿ ಅವಳನ್ನು ಹೆರಿಗೆಗೆ ಎಬ್ಬಿಸಿಕೊಂಡು ಹೋಗುವುದು ಕಷ್ಟ, ಹಾಗೆ ಹೋದದ್ದಕ್ಕೆ ಪ್ರತಿಫಲವಾಗಿ ಅವಳ ಮನೆಗೆ ಡಿಷ್ ಆಂಟೆನಾ ಸಹಿತ ಬಣ್ಣದ ಟಿವಿ ಬರುತ್ತದೆ. ಗಂಡ ಬಿಟ್ಟುಹೋದ, ಊರಿನವರು ದೂರವಿಟ್ಟ ಮುಸ್ಲಿಂ ಹೆಂಗಸೊಬ್ಬಳ ಮನೆಗೆ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕುಳಿತುಕೊಳ್ಳತೊಡಗುತ್ತಾರೆ.

ಈ ದೃಶ್ಯಗಳನ್ನು ಕಾಸರವಳ್ಳಿಯವರು ತೆಗೆದ ರೀತಿಯನ್ನು ಗಮನಿಸಬೇಕು. ಟಿವಿಯಲ್ಲಿ ಏನು ಬರುತ್ತಿದೆ ಎಂಬುದಕ್ಕಿಂತ, ನೋಡುತ್ತ ಕುಳಿತ ಹೆಂಗಸರು ಮೀನಿನ ಬುಟ್ಟಿ, ಕೈಗೂಸು, ಅತ್ತೆಯ ಹೆದರಿಕೆ ಎಲ್ಲವನ್ನೂ ಬಾಗಿಲಲ್ಲಿಟ್ಟು ಬಂದು ಹೇಗೆ ಸಡಿಲಗೊಳ್ಳುತ್ತಾರೆ, ಯಾರು ಯಾರ ಭುಜಕ್ಕೆ ಒರಗುತ್ತಾರೆ, ಯಾರು ಹೊಸ್ತಿಲಿನಿಂದ ಒಳಗೆ ಬರಲು ಇನ್ನೂ ಹಿಂಜರಿಯುತ್ತಾರೆ ಎಂಬುದರ ಮೇಲೆ ಗಮನ ನಿಲ್ಲುತ್ತದೆ. ಅದೇ ಟಿವಿ ಯುದ್ಧದ ಸುದ್ದಿಯನ್ನೂ ತರುತ್ತದೆ. ಸಣ್ಣ ದೋಣಿಯವರಿಗೂ ದೊಡ್ಡ ಬೋಟಿನವರಿಗೂ ನಡುವೆ ಇದ್ದ ಹೊಟ್ಟೆಪಾಡಿನ ಜಗಳ ಮೆಲ್ಲನೆ ಧರ್ಮದ ಜಗಳವಾಗುತ್ತದೆ. ಎಲ್ಲೂ ದನಿ ಏರಿಸದ ಚಿತ್ರವಿದು. ಉಮಾಶ್ರೀಯವರಿಗೆ ಇದಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು. ಕುಂದಾಪುರದ ಮಾತು ಅವರ ಬಾಯಲ್ಲಿ ಕಲಿತ ಪಾಠದಂತೆ ಕೇಳುವುದಿಲ್ಲ, ಒಂಟಿಯಾಗಿ ಬದುಕುವವಳ ಗೊಣಗಾಟದಂತೆ ಕೇಳುತ್ತದೆ. ಅಂದು ಊರಿಗೆ ಟಿವಿ ತಂದ ಹೆಂಗಸಾಗಿ ನಟಿಸಿದವರು ಮುಂದೆ ದಿನಾ ಸಂಜೆ ಟಿವಿಯೊಳಗೆ ಕುಳಿತು ಇನ್ಯಾವುದೋ ಗುಲಾಬಿಯ ಮನೆಗೆ ಬರುತ್ತಿದ್ದರು ಎಂದು ಯೋಚಿಸಿದರೆ ವಿಚಿತ್ರವೆನಿಸುತ್ತದೆ. ಪುಟ್ಟಕ್ಕನಾಗಿ ಹಳೇ ಮೈಸೂರು ಕಡೆಯ ಮಾತಿನಲ್ಲಿ ಅವರು ಮಕ್ಕಳಿಗೆ ಗದರುವ ಕೆಲವು ಕಂತುಗಳೂ ಚೆನ್ನಾಗಿದ್ದವು, ಕಥೆಯ ಎಳೆದಾಟ ಅವರ ತಪ್ಪಲ್ಲ.

ಹಳೆಯದನ್ನು ಹುಡುಕಿ ನೋಡುವುದಕ್ಕೆ ಓಟಿಟಿ ಸೇವೆಗಳು ಅನುಕೂಲವೇ, ಆದರೆ ಅಲ್ಲಿಯೂ ಕನ್ನಡದ ಪ್ರೇಕ್ಷಕನಿಗೆ ಎರಡನೆಯ ಪಂಕ್ತಿಯ ಊಟ. ನಮ್ಮ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರೆಂಟು ಮತ್ತು ನೆಟ್‌ವರ್ಕ್ ಎರಡೂ ಒಟ್ಟಿಗೆ ಇದ್ದರೆ ಅದು ಹಬ್ಬ, ಆ ದೂರನ್ನು ಯಾವ ಓಟಿಟಿಯ ಮೇಲೂ ಹೊರಿಸಲಾಗದು. ಅವರು ಸರಿಮಾಡಬಹುದಾದದ್ದು ಬೇರೆ ಇದೆ. ನಾನು ನೋಡಿದ ಕನ್ನಡ ಚಿತ್ರಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನ ಅಡಿಬರಹವಿತ್ತು, ಕನ್ನಡದ ಅಡಿಬರಹವಿರಲಿಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವ ರಾತ್ರಿ, ಕಿವಿ ಸ್ವಲ್ಪ ಮಂದವಾದ ಹಿರಿಯರು ಕನ್ನಡ ಓದಬಲ್ಲವರಾಗಿದ್ದೂ ಕನ್ನಡದ ಸಿನಿಮಾ ನೋಡಲು ಒದ್ದಾಡಬೇಕು. ನಮ್ಮ ಆಯಿಗೆ ನಾನು ದುಭಾಷಿಯಂತೆ ಪಕ್ಕದಲ್ಲಿ ಕುಳಿತು ಕೂಗಿ ಹೇಳುತ್ತ, ಮುಂದಿನ ಮಾತನ್ನು ಇಬ್ಬರೂ ಕಳೆದುಕೊಳ್ಳುತ್ತೇವೆ. ತಿಂಗಳ ಶುಲ್ಕ ತೆಗೆದುಕೊಳ್ಳುವವರು ಇಷ್ಟನ್ನು ಮಾಡಲಾರರೇ?

ಮಾತಿನ ಅಳತೆಗೋಲು ಎಲ್ಲದಕ್ಕೂ ಸಾಲುವುದಿಲ್ಲ ಎಂಬುದಕ್ಕೆ ‘ಮಾಲ್ಗುಡಿ ಡೇಸ್’ (1986) ಸಾಕ್ಷಿ. ಹೊನ್ನಾವರದಲ್ಲಿ ಹುಟ್ಟಿದ ಶಂಕರ್ ನಾಗ್ ಅವರು ಆಗುಂಬೆಯ ದೊಡ್ಡಮನೆಯನ್ನು, ಅಲ್ಲಿಯ ಬೀದಿಯನ್ನು ಮಾಲ್ಗುಡಿಯಾಗಿಸಿ ತೆಗೆದ ಆ ಧಾರಾವಾಹಿಯಲ್ಲಿ ಪಾತ್ರಗಳು ಹಿಂದಿ ಮಾತನಾಡುತ್ತವೆ. ಆದರೂ ಅದು ನಮ್ಮದೆನಿಸುತ್ತದೆ, ಏಕೆಂದರೆ ಮಾಸ್ಟರ್ ಮಂಜುನಾಥ್ ಜಗುಲಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಭಂಗಿ, ಒಳಗಿನಿಂದ ಅಜ್ಜಿ ಬರುವ ನಡಿಗೆ, ಅಪ್ಪ ಬಂದ ಕೂಡಲೇ ಮನೆಯಲ್ಲಿ ತಗ್ಗುವ ಸದ್ದು ಇವೆಲ್ಲ ಕನ್ನಡದಲ್ಲೇ ಇವೆ. ನಮ್ಮ ಮನೆಯ ಮಕ್ಕಳು ಹಿಂದಿ ಅರೆಬರೆ ಅರ್ಥವಾದರೂ ಅದನ್ನು ಕುಳಿತು ನೋಡುತ್ತಾರೆ.

ಕೊನೆಗೆ, ಹೆಚ್ಚು ಜನ ನೋಡದೆ ಹೋದ ‘ಮಿಥ್ಯ’. 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಈ ಚಿತ್ರದ ನಿರ್ದೇಶಕ ಸುಮಂತ್ ಭಟ್ ಅವರು ಇದಕ್ಕೆ ಮೊದಲು ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆಯ ‘ಏಕಮ್’ ಸರಣಿಯಲ್ಲಿ ಕರಾವಳಿಯ ಬಿಡಿಕಥೆಗಳನ್ನು ಹೇಳಿದ್ದವರು. ಆ ಸರಣಿಯನ್ನು ದೊಡ್ಡ ಓಟಿಟಿಗಳು ತೆಗೆದುಕೊಳ್ಳದ ಕಾರಣ 2024ರಲ್ಲಿ ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ‘ಮಿಥ್ಯ’ದಲ್ಲಿ ತಂದೆ ತಾಯಿಯನ್ನು ಕಳೆದುಕೊಂಡ ಹುಡುಗ ಮಿಥುನ್ ಮುಂಬಯಿಯಿಂದ ಉಡುಪಿಯ ಚಿಕ್ಕಮ್ಮನ ಮನೆಗೆ ಬರುತ್ತಾನೆ. ಮುಂಬಯಿಗೆ ಹೋಗಿ ನೆಲೆಸಿದ ಒಬ್ಬರಾದರೂ ಇಲ್ಲದ ಮನೆ ಕಾರವಾರ, ಅಂಕೋಲೆ, ಕುಮಟೆಯ ಕಡೆ ಕಡಿಮೆ, ರಜೆಗೆ ಬಂದ ಅಲ್ಲಿನ ಮಕ್ಕಳು ಇಲ್ಲಿಯ ಮಾತಿನಲ್ಲಿ ತಡವರಿಸುವುದನ್ನು ನೋಡಿದವರಿಗೆ ಆ ಹುಡುಗನ ಅರ್ಧ ಕಷ್ಟ ಹೇಳದೆಯೇ ತಿಳಿಯುತ್ತದೆ. ಆತಿಶ್ ಶೆಟ್ಟಿ ಎಂಬ ಬಾಲನಟ ಅಳುವುದಕ್ಕಿಂತ ಅಳದಿರುವುದನ್ನು ಹೆಚ್ಚು ಚೆನ್ನಾಗಿ ಮಾಡುತ್ತಾನೆ. ‘ಸು ಫ್ರಮ್ ಸೋ’ದಲ್ಲಿ ನಗಿಸಿದ ಪ್ರಕಾಶ್ ತುಮಿನಾಡ್ ಇಲ್ಲಿ, ಮನೆಗೆ ಬಂದ ಹುಡುಗನಿಗೆ ಏನು ಹೇಳಬೇಕೆಂದು ತಿಳಿಯದೆ ಒದ್ದಾಡುವ ಚಿಕ್ಕಪ್ಪನಾಗಿದ್ದಾರೆ, ಅವರು ಒಂದು ನಗುವನ್ನೂ ಬೇಡುವುದಿಲ್ಲ. ಕಥೆ ನಿಧಾನ, ಮೊದಲ ಅರ್ಧ ಗಂಟೆ ಸಹನೆ ಬೇಕು, ಅದನ್ನು ಮೊಬೈಲಿನಲ್ಲಿ ಅಡಿಕೆ ಸುಲಿಯುತ್ತ ನೋಡಿದರೆ ಏನೂ ದಕ್ಕುವುದಿಲ್ಲ. ನಮ್ಮ ಕಡೆಯ ಚಿತ್ರಮಂದಿರಗಳಲ್ಲಿ ಅದನ್ನು ನೋಡುವ ಅವಕಾಶ ನನಗೆ ಸಿಗಲಿಲ್ಲ. ದೊಡ್ಡ ಪರದೆ ಸಿಗದಿದ್ದರೆ ಮನೆಯ ಟಿವಿಗಾದರೂ ಜೋಡಿಸಿಕೊಂಡು, ಹೊರಗೆ ಮಳೆಯಿಲ್ಲದ ದಿನ ನೋಡುವುದು ಒಳ್ಳೆಯದು, ಏಕೆಂದರೆ ಆ ಹುಡುಗ ಮಾತನಾಡುವುದೇ ಕಡಿಮೆ, ಆಡಿದರೂ ಮೆಲ್ಲಗೆ.